ಹಿಟ್ಟು ಬಿದ್ದ ದಿನಗಳು

ನನ್ನ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಏಳು ಕಾಲಂ. ತಾರೀಖು, ಮಂಜು ಬಿಟ್ಟ ಹೊತ್ತು, ಮಳೆ, ಬೆಳಗಿನ ಊಟಿ ಬಸ್ಸು ಎಷ್ಟು ನಿಮಿಷ ತಡ, ಕಂಡ ಹಕ್ಕಿ, ಅರಳಿದ ಹೂವು, ಕೊನೆಯದು ಗಿರಣಿ. ಸ್ಕೇಲಿಟ್ಟು ಗೆರೆ ಹಾಕಿಕೊಳ್ಳುತ್ತೇನೆ. ಹದಿಮೂರನೇ ವಯಸ್ಸಿನಲ್ಲಿ ಹಿಡಿದ ಅಭ್ಯಾಸ, ಇಪ್ಪತ್ತೈದಾದರೂ ಬಿಟ್ಟಿಲ್ಲ. ಶಾಲೆಯಲ್ಲಿ ನಾನು ಓದಿದ್ದು ತಮಿಳು. ಕನ್ನಡ ಅಕ್ಷರವನ್ನು ಅಪ್ಪ ಮನೆಯಲ್ಲಿ ಕಲಿಸಿದರು. ಕಲಿತದ್ದು ಮರೆತುಹೋಗದಿರಲಿ ಎಂದು ದಿನಕ್ಕೊಂದು ಸಾಲು ಬರೆಯಲು ಹೇಳಿದರು. ಆ ಒಂದು ಸಾಲೇ ಬೆಳೆದು ಏಳು ಕಾಲಂ ಆಯಿತು. ಈಗ ನಾನು ಮಂಜೂರಿನ ಹತ್ತಿರದ ಒಂದು ಶೆಡ್ಡಿನಲ್ಲಿ, ಸಣ್ಣ ತೋಟದವರು ತಂದು ಹಾಕುವ ಚಹಾ ಎಲೆಯ ತೂಕ ಬರೆಯುತ್ತೇನೆ. ಅಲ್ಲಿಯೂ ಅದೇ ಗೆರೆ, ಅದೇ ಅಂಕಿ.

ಇಲ್ಲಿ ಹೇಳಬೇಕಾದದ್ದು ಏಳನೇ ಕಾಲಮ್ಮಿನ ವಿಷಯ. ಅದರಿಂದಲೇ ನನ್ನ ದೊಡ್ಡಪ್ಪನ ಗಿರಣಿ ನಿಂತುಹೋಯಿತು.

ಗಿರಣಿ ನೀರಿನದು. ಊರಿನ ಕೆಳಗೆ, ತೊರೆಯ ಪಕ್ಕದಲ್ಲಿ, ಹೆಂಚು ಹೊದಿಸಿದ ಒಂದು ಕೋಣೆ. ಒಳಗೆ ಒಂದರ ಮೇಲೊಂದು ಎರಡು ಬೀಸುಕಲ್ಲು. ನೆಲದ ಹಲಗೆಯ ಕೆಳಗೆ ಮರದ ಚಕ್ರ. ಮೇಲಿನಿಂದ ನೂರ ನಲವತ್ತು ಹೆಜ್ಜೆ ಉದ್ದದ ಕಾಲುವೆ, ಅದು ತೊರೆಯಿಂದ ಕವಲೊಡೆಯುವ ಬಾಯಿಯಲ್ಲಿ ಒಂದು ಅಡ್ಡಹಲಗೆ. ಹಲಗೆ ಎತ್ತಿದರೆ ನೀರು ಓಡಿಬಂದು ಚಕ್ರದ ರೆಕ್ಕೆಗಳಿಗೆ ಹೊಡೆಯುತ್ತದೆ. ಚಕ್ರದ ಜೊತೆ ಮೇಲಿನ ಕಲ್ಲೂ ತಿರುಗುತ್ತದೆ. ಇದನ್ನು ಕಟ್ಟಿದವರು ನನ್ನ ತಾತ. ಗುಂಡ್ಲುಪೇಟೆ ಕಡೆಯಿಂದ ರಾಗಿ ತಂದು ಬೆಟ್ಟದ ಹಟ್ಟಿಗಳಲ್ಲಿ ಮಾರುತ್ತಿದ್ದವರು, ಒಂದು ಹಟ್ಟಿಯ ಗೌಡರು ‘ಕಾಳು ತಂದವನು ಬೀಸಿಯೂ ಕೊಡು’ ಎಂದು ತೊರೆಯ ಪಕ್ಕದ ಜಾಗ ತೋರಿಸಿದ್ದಕ್ಕೆ ಇಲ್ಲೇ ನಿಂತರು. ಜಾಗಕ್ಕೆ ಕಾಗದವಿಲ್ಲ. ಗೌಡರು ಬಾಯಲ್ಲಿ ಹೇಳಿದರು, ತಾತ ತಲೆ ಬಾಗಿಸಿದರು, ಅಷ್ಟೇ. ತಾತನ ನಂತರ ಗಿರಣಿ ಹಿರಿಯ ಮಗನಾದ ದೊಡ್ಡಪ್ಪನಿಗೆ ಬಂತು. ಅವರಿಗೆ ಮಕ್ಕಳಿಲ್ಲ.

ನಾನು ನೋಡುವ ಹೊತ್ತಿಗೆ ಬೀಸಲು ಬರುವವರು ಕಡಿಮೆಯಾಗಿದ್ದರು. ಸುತ್ತಲಿನ ಬಡಗರ ಹಟ್ಟಿಗಳಲ್ಲಿ ರಾಗಿ, ಸಾಮೆ ಬೆಳೆಯುತ್ತಿದ್ದ ಹೊಲವೆಲ್ಲ ಚಹಾ ಆಗಿಹೋಗಿತ್ತು. ಮಂಜೂರಿನಲ್ಲಿ ಕರೆಂಟಿನ ಮಿಲ್ಲಿದೆ, ಹತ್ತು ನಿಮಿಷದ ಕೆಲಸ. ಆದರೂ ಮನೆಯಲ್ಲಿ ಬಾಣಂತಿ ಇದ್ದವರು, ಹಬ್ಬ ಮಾಡುವವರು, ನಾಲಿಗೆ ಹಳೆಯದಾದವರು ತಲೆಯ ಮೇಲೆ ಸಣ್ಣ ಚೀಲವಿಟ್ಟುಕೊಂಡು ಇಳಿದು ಬರುತ್ತಿದ್ದರು. ಅವರಲ್ಲೊಬ್ಬಳು ಮುದುಕಿ. ಬಡಗರ ಮಾತಿನಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತಾರೆ, ನಾವೂ ಹಾಗೆಯೇ ಕರೆಯುತ್ತಿದ್ದೆವು. ಹೆತ್ತೆ ಬಿಸಿಯಾಗದ ಹಿಟ್ಟನ್ನು ಅಂಗೈಗೆ ಹಾಕಿಕೊಂಡು ಮೂಸಿ ನೋಡಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: “ಮಿಶಿನು ಹಿಟ್ಟುಗ ರುಚಿಯೇ ಇಲ್ಲೆ.”

ಅಂತಹ ದಿನ ನಾನು ಏಳನೇ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಹಾಕುತ್ತಿದ್ದೆ. ಕಲ್ಲಿನ ಸುತ್ತ ಹಿಟ್ಟು ಬಿದ್ದರೆ ಗೆರೆ, ಬೀಳದಿದ್ದರೆ ಖಾಲಿ. ಇದು ನನ್ನದೇ ನಿಯಮ, ಯಾರೂ ಹೇಳಿಕೊಟ್ಟದ್ದಲ್ಲ. ನಿಯಮವಿಲ್ಲದ ಎಣಿಕೆ ಎಣಿಕೆಯಲ್ಲ ಎಂದು ನನಗೆ ಆಗ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ, ಅದೇ ಕಷ್ಟ.

ನನ್ನ ನಿಯಮದ ಹೊರಗೆ ಒಂದು ಕೆಲಸ ಪ್ರತಿದಿನ ನಡೆಯುತ್ತಿತ್ತು. ಬೆಳಿಗ್ಗೆ ಆರಕ್ಕೆ ದೊಡ್ಡಪ್ಪ ಮಫ್ಲರು ಸುತ್ತಿಕೊಂಡು ಇಳಿಯುತ್ತಿದ್ದರು. ಮೊದಲು ಗಿರಣಿಯೊಳಗೆ ಹೋಗಿ, ಮೇಲಿನ ಕಲ್ಲನ್ನು ಒಂದು ಬೆರಳಷ್ಟು ಎತ್ತಿ ಬೆಣೆ ಕೊಡುತ್ತಿದ್ದರು, ಕಲ್ಲಿಗೆ ಕಲ್ಲು ಉಜ್ಜದ ಹಾಗೆ. ಆಮೇಲೆ ಕಾಲುವೆಯ ಬಾಯಿಗೆ ನಡೆದು ಹಲಗೆ ಎತ್ತುತ್ತಿದ್ದರು. ಚಕ್ರ ಬರಿದೇ ತಿರುಗುತ್ತಿತ್ತು. ಒಂದು ಗಂಟೆ, ಕೆಲವು ದಿನ ಒಂದೂವರೆ. ಆಮೇಲೆ ಹಲಗೆ ಇಳಿಸಿ ಮೇಲೆ ಬರುತ್ತಿದ್ದರು. ಕಾಳಿಲ್ಲ, ಹಿಟ್ಟಿಲ್ಲ, ಬೀಸುವವರಿಲ್ಲ. ಮರದ ಚಕ್ರ ಒಣಗಬಾರದು, ಅದಕ್ಕೆ. ನಮ್ಮ ಬೆಟ್ಟದಲ್ಲಿ ಡಿಸೆಂಬರಿನಿಂದ ಏಪ್ರಿಲ್ ತನಕ ಗಾಳಿ ಒಣಗಿರುತ್ತದೆ, ಬೆಳಿಗ್ಗೆ ಹಿಮ, ಮಧ್ಯಾಹ್ನ ಬಿಸಿಲು. ಹತ್ತು ದಿನ ನೀರು ತಾಕದಿದ್ದರೆ ಮರ ಸೀಳುತ್ತದೆ. ಸಣ್ಣವಳಿದ್ದಾಗ ಕೇಳಿದ್ದೆ.

“ಬೀಸೋರೇ ಇಲ್ವಲ್ಲ ದೊಡ್ಡಪ್ಪ, ಯಾಕೆ ಸುಮ್ನೆ ತಿರುಗಿಸ್ತೀರಿ?”

“ಸುಮ್ನೆ ಎಲ್ಲಿ ತಿರುಗಿಸ್ತಿವ್ನಿ? ಅದು ನೀರು ಕುಡೀತಾ ಅದೆ ಕಣವ್ವ. ನೀ ಕುಡಿಯಾಕಿಲ್ವಾ ದಿನಾ?”

ನಾನು ಅದನ್ನು ಬರೆದುಕೊಳ್ಳಲಿಲ್ಲ. ಆ ದಿನದ ಗಿರಣಿ ಕಾಲಂ ಖಾಲಿ ಬಿಟ್ಟೆ.

ದೊಡ್ಡವ್ವನಿಗೆ ನನ್ನ ನೋಟ್‌ಬುಕ್ಕೆಂದರೆ ತಮಾಷೆ. “ಇವತ್ತು ನಾ ಎಷ್ಟು ಸಲ ಕೆಮ್ಮಿದೆ ಬರ್ಕಂಡ್ಯಾ? ಬರ್ಕೋ, ಡಾಕ್ಟ್ರಿಗೆ ತೋರಿಸ್ಬೇಕು” ಎನ್ನುತ್ತಿದ್ದರು. ಬಂದವರ ಮುಂದೆ, “ನಮ್ಮ ಮನೇಲಿ ಒಂದು ಪೊಲೀಸ್ ಸ್ಟೇಷನ್ನೇ ಅದೆ, ಬಸ್ಸು ತಡ ಆದ್ರೂ ಕೇಸು ಬರೀತಾಳೆ” ಎಂದು ನನ್ನ ತಲೆಗೆ ಮೊಟಕುತ್ತಿದ್ದರು.

ಗಿರಣಿಯ ಮೇಲ್ಗಡೆ ಕಾಡು. ಕಣಿವೆಯಲ್ಲಿ ಒತ್ತಾಗಿ ಬೆಳೆದ ಶೋಲೆ ಕಾಡು ಮತ್ತು ಅದರಾಚೆ ಹುಲ್ಲುಗುಡ್ಡ, ಮೊದಲಿನಿಂದಲೂ ರಿಸರ್ವು. ಅದರ ಎಲ್ಲೆ ತೊರೆಯ ಆಚೆ ದಡದಲ್ಲಿತ್ತು. ಕಳೆದ ವರ್ಷ ಎಲ್ಲೆಯನ್ನು ಈಚೆಗೆ ತಂದರು. ಹೊಸ ಗೆರೆ ನಮ್ಮ ಕಾಲುವೆಯ ಬಾಯಿಯನ್ನೂ ಗಿರಣಿಯನ್ನೂ ಒಳಗೆ ಹಾಕಿಕೊಂಡು, ಊರಿನ ಕೊನೆಯ ತೋಟದ ಬೇಲಿಗೆ ಬಂದು ನಿಂತಿತು. ತೊರೆಯ ನೀರನ್ನು ಬಳಸುವವರು ಒಂದು ಫಾರಂ ತುಂಬಿ ಕೊಡಬೇಕು, ನಿಯತವಾಗಿ ಬಳಸುವವರಿಗೆ ಮುಂದುವರಿಯಲು ಒಪ್ಪಿಗೆ, ಇಲ್ಲದವರ ಕಾಲುವೆ ಮುಚ್ಚಿ ನೀರನ್ನು ತೊರೆಗೇ ಬಿಡಲಾಗುವುದು ಎಂದು ಪಂಚಾಯಿತಿ ಗೋಡೆಗೆ ನೋಟೀಸು ಅಂಟಿಸಿದರು.

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಕೂತು ಆ ಫಾರಂ ತುಂಬಿದವಳು ನಾನು. ದೊಡ್ಡಪ್ಪನಿಗೆ ತಮಿಳು ಮಾತು ಬರುತ್ತದೆ, ಓದಲು ಬರುವುದಿಲ್ಲ. ಎಂದಿನಿಂದ, ಯಾರು, ಯಾತಕ್ಕೆ ಎಂಬುದೆಲ್ಲ ಸಲೀಸಾಗಿ ಆಯಿತು. ಆಮೇಲಿನ ಪ್ರಶ್ನೆ ವರ್ಷಕ್ಕೆ ಎಷ್ಟು ದಿನ ಎಂಬುದು. ದಾಖಲೆ ಇದ್ದರೆ ಲಗತ್ತಿಸಿ ಎಂದು ಕೆಳಗೆ ಬರೆದಿತ್ತು.

“ವರ್ಷಕ್ಕೆ ಎಷ್ಟು ದಿನ ಓಡ್ತದೆ ಅಂತ ಕೇಳವ್ರೆ ದೊಡ್ಡಪ್ಪ.”

“ದಿನಾಲೂವೆ ಅಂತ ಬರಿ.”

“ದಿನಾಲೂ ಎಲ್ಲಿ ಬೀಸ್ತೀರಿ? ಹೋದ ವರ್ಷ ಹದಿನೇಳು ದಿನ.”

“ಹದಿನೇಳಾ? ಅಷ್ಟೇನಾ?”

“ತಾರೀಖು ಸಮೇತ ಐತೆ ನನ್ನತ್ರ. ಅದರ ಹಿಂದಿನ ವರ್ಷ ಹತ್ತೊಂಬತ್ತು. ಅದಕ್ಕೂ ಹಿಂದೆ ಇಪ್ಪತ್ತೆರಡು.”

ದೊಡ್ಡಪ್ಪ ನಕ್ಕರು. “ನೀನೊಬ್ಳು ಕಣವ್ವ! ನನ್ನ ಗಿರಣಿ ನಂಗಿಂತ ನಿಂಗೇ ಚೆನ್ನಾಗಿ ಗೊತ್ತು. ಬರಿ, ಬರಿ. ನೀ ಬರ್ದದ್ದು ಸರಿಯಾಗೇ ಇರ್ತದೆ.”

ಒಳಗಿನಿಂದ ದೊಡ್ಡವ್ವ ಕೂಗಿದರು: “ಆ ಪಕ್ಕದಲ್ಲಿ ಸಂತೆ ಕ್ಯಾರೆಟ್ಟನ್ನ ತೊರೆ ನೀರಲ್ಲಿ ತೊಳೆಯೋನು ದಿನಾಲೂ ಅಂತ ಬರ್ಸವ್ನಂತೆ. ನೀವೂ ಹಂಗೇ ಬರೀರಿ, ಏನು ಬಂದು ಎಣಿಸ್ತಾರಾ?”

“ಸುಳ್ಳು ಬರೆಯೋಕೆ ಆಗಲ್ಲ ದೊಡ್ಡವ್ವ. ನಮ್ಮ ಹತ್ರ ದಾಖಲೆ ಐತೆ, ಅವರ ಹತ್ರ ಇಲ್ಲ. ದಾಖಲೆ ಇದ್ದೋರಿಗೇ ಕೊಡೋದು” ಎಂದೆ. ಆ ಮಾತನ್ನು ಎಷ್ಟು ಹೆಮ್ಮೆಯಿಂದ ಹೇಳಿದೆ ಎಂಬುದು ಇಂದಿಗೂ ಕಿವಿಯಲ್ಲಿದೆ. ಹದಿನೇಳು ಎಂದು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದೆ. ಆರು ವರ್ಷದ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಗೆರೆ ಹಾಕಿ ಮಾಡಿ ಪಿನ್ನು ಹೊಡೆದೆ. ದೊಡ್ಡಪ್ಪ ತಮ್ಮ ಹೆಸರಿನ ಮೂರು ಅಕ್ಷರ ಬರೆದರು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ.

ಏಪ್ರಿಲ್ ಎರಡನೇ ವಾರ ರಿಸರ್ವಿನ ಅಧಿಕಾರಿ ನೋಡಲು ಬಂದರು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಬಯಲು ಸೀಮೆಯ ತಮಿಳು, ಮೆತ್ತಗಿನ ಮಾತು. ಬಂದದ್ದು ಒಂಬತ್ತೂವರೆಗೆ. ದೊಡ್ಡಪ್ಪ ಏಳೂವರೆಗೇ ನೀರು ನಿಲ್ಲಿಸಿದ್ದರು. ಚಕ್ರದಿಂದ ಇನ್ನೂ ಹನಿ ಬೀಳುತ್ತಿತ್ತು.

“ಇವತ್ತು ಓಡುತ್ತಿಲ್ಲವಾ?” ಎಂದು ಅಧಿಕಾರಿ ಕೇಳಿದರು.

“ಇವತ್ತು ಕಾಳು ಬಂದಿಲ್ಲ ಸರ್” ಎಂದೆ ನಾನು.

ದೊಡ್ಡಪ್ಪ ಹಿಂದಿನಿಂದ, ಬೆಳಿಗ್ಗೆ ನೀರು ಬಿಟ್ಟಿದ್ದೆ ಎಂದು ತಮಿಳಿನಲ್ಲಿ ಹೇಳಿದರು. ಅಧಿಕಾರಿ ತಲೆಯಾಡಿಸಿದರು. ಅಷ್ಟರಲ್ಲಿ ಅವರ ಕೈಯಲ್ಲಿ ನನ್ನ ನೋಟ್‌ಬುಕ್ಕಿತ್ತು. ಕನ್ನಡ ಓದಲು ಬಾರದಿದ್ದರೂ ತಾರೀಖು ಓದಬಲ್ಲರು, ಗೆರೆ ಎಣಿಸಬಲ್ಲರು. ಪುಟ ತಿರುವುತ್ತ ಹೋದ ಹಾಗೆ ಅವರ ಮುಖ ಅರಳಿತು. ಹಕ್ಕಿಯ ಕಾಲಂ ಯಾವುದು, ಹೂವಿನದು ಯಾವುದು ಎಂದು ಕೇಳಿದರು. ಬಿಲ್ಲಿ ಮರ ಮೊದಲ ಹೂ ಬಿಟ್ಟ ತಾರೀಖುಗಳನ್ನು ವರ್ಷವಾರು ತೋರಿಸಿದೆ. ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಇಷ್ಟು ಅಚ್ಚುಕಟ್ಟಾದ ದಾಖಲೆಯನ್ನು ಈ ಬೆಟ್ಟದಲ್ಲಿ ಯಾರ ಹತ್ತಿರವೂ ನೋಡಿಲ್ಲ ಎಂದರು. ನನಗೆ ಕಿವಿ ಬಿಸಿಯಾಯಿತು. ಚಹಾ ತರಲು ಮೇಲೆ ಓಡಿದೆ. ನಾನು ಹಿಂದಿರುಗುವಾಗ ದೊಡ್ಡಪ್ಪ ಗಿರಣಿಯ ಬಾಗಿಲಲ್ಲಿ ಒಬ್ಬರೇ ನಿಂತಿದ್ದರು. ಅಧಿಕಾರಿ ತೊರೆಯ ಬಂಡೆಯ ಮೇಲೆ ಕೂತು ನನ್ನ ಪುಟಗಳನ್ನು ಓದುತ್ತಿದ್ದರು.

ಪತ್ರ ಬಂದದ್ದು ಮೇ ಇಪ್ಪತ್ತೇಳಕ್ಕೆ. ತಮಿಳಿನಲ್ಲಿತ್ತು, ನಾನೇ ಓದಿ ಹೇಳಬೇಕಾಯಿತು. ಒಂದು ಪುಟವೂ ತುಂಬಿರಲಿಲ್ಲ. ಅರ್ಜಿದಾರರೇ ಒದಗಿಸಿದ ನಂಬಲರ್ಹ ದಾಖಲೆಯಂತೆ ಗಿರಣಿಯ ಬಳಕೆ ವರ್ಷಕ್ಕೆ ಹದಿನೇಳು ದಿನ ಮಾತ್ರ, ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಆದ್ದರಿಂದ ಇದನ್ನು ನಿಯತ ಬಳಕೆಯೆಂದು ಒಪ್ಪಲಾಗದು. ಕಾಲುವೆ ಮುಚ್ಚಲಾಗುವುದು.

“ಇನ್ನೊಂದು ಸಲ ಓದು” ಎಂದರು ದೊಡ್ಡಪ್ಪ. ಓದಿದೆ.

“ಹದಿನೇಳು ಅಂದ್ರೆ ಬೀಸಿದ್ದು. ನೀರು ಬಿಡೋದು ದಿನಾಲೂ ಅಲ್ವಾ ಮಗಾ?”

ಅದನ್ನು ಅವರು ಕೇಳಿದ ರೀತಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಲೆಕ್ಕ ಗೊತ್ತಿರುವವಳನ್ನು ವಿಚಾರಿಸುವ ಹಾಗೆ ಕೇಳಿದರು. ನನಗೆ ಆಗಲೇ ಹೊಳೆದದ್ದು. ಓಡುವುದು ಎಂದರೇನು ಎಂದು ಫಾರಂ ಕೇಳಿರಲಿಲ್ಲ. ನೀರು ಎಷ್ಟು ದಿನ ಬೇಕು ಎಂಬುದಷ್ಟೇ ಅದಕ್ಕೆ ಬೇಕಾಗಿದ್ದದ್ದು. ದಿನಾಲೂ ಎಂದು ಹೇಳಿದಾಗ ದೊಡ್ಡಪ್ಪ ಹೇಳಿದ್ದು ನಿಜ. ಅದನ್ನು ಸುಳ್ಳೆಂದು ತಿದ್ದಿದವಳು ನಾನು.

ಪಕ್ಕದ ಕ್ಯಾರೆಟ್ ತೊಳೆಯುವವನಿಗೆ ಒಪ್ಪಿಗೆ ಸಿಕ್ಕಿತು. ದಿನಾಲೂ ಎಂದು ಬರೆಸಿದ್ದ, ದಾಖಲೆ ಏನೂ ಇಟ್ಟಿರಲಿಲ್ಲ, ಅದಕ್ಕೆ ಎದುರು ಹೇಳುವ ದಾಖಲೆಯೂ ಇರಲಿಲ್ಲ. ಅವನ ಕ್ಯಾರೆಟ್ಟು ವರ್ಷದಲ್ಲಿ ನಾಲ್ಕು ತಿಂಗಳು. ಅದನ್ನು ನಾನು ಎಣಿಸಿಲ್ಲ, ಅಂದಾಜು.

ಜೂನ್ ಐದಕ್ಕೆ ನಾಲ್ಕು ಜನ ಕೆಲಸದವರು ಬಂದು ಕಾಲುವೆಯ ಬಾಯಿಗೆ ಕಲ್ಲು ಜೋಡಿಸಿ ಸಿಮೆಂಟು ಮೆತ್ತಿದರು. ಅಡ್ಡಹಲಗೆಯನ್ನು ದೊಡ್ಡಪ್ಪನ ಕೈಗೇ ಕೊಟ್ಟರು, ಮರ್ಯಾದೆಯಿಂದ. ಅವರು ಅದನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದರು.

ಅಂದು ಸಂಜೆ ದೊಡ್ಡವ್ವ ನನಗೆ ತಟ್ಟೆ ಹಾಕಿ, ಎದುರಿಗೆ ಕೂತರು. “ಊಟ ಮಾಡು. ಎಷ್ಟು ತುತ್ತು ಅಂತ ಎಣಿಸ್ಕೋ. ನಾಳೆ ಯಾರಾದ್ರೂ ಬಂದು ಕೇಳ್ತಾರೆ, ಇವ್ಳು ಅಷ್ಟೇ ತಿನ್ನೋದು ಅಂತ ಅನ್ನ ನಿಲ್ಲಿಸ್ತಾರೆ.”

“ಬುಡೇ” ಎಂದರು ದೊಡ್ಡಪ್ಪ.

“ಏನು ಬುಡೋದು? ನೀವು ದಿನಾಲೂ ಅಂತ ನನ್ನ ಕಿವಿಗೆ ಬೀಳಂಗೆ ಅಂದ್ರಿ. ಗಂಡಸು ಅಂದ ಮಾತು ಪುಸ್ತಕದಲ್ಲಿ ಇಲ್ಲ ಅಂತ ಅಳಿಸಿಬುಟ್ಳು. ನಿಮಗೆ ಕೋಪ ಅನ್ನೋದೇ ಬರಾಕಿಲ್ವಾ?”

ದೊಡ್ಡಪ್ಪ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಮಳೆಗಾಲದಲ್ಲಿ ಚಕ್ರಕ್ಕೆ ಏನೂ ಆಗಲಿಲ್ಲ, ಗಾಳಿಯೇ ಒದ್ದೆ. ನವೆಂಬರ್ ಕಳೆದ ಮೇಲೆ ದೊಡ್ಡಪ್ಪ ಬೆಳಿಗ್ಗೆ ಎರಡು ಬಕೆಟ್ಟು ಹಿಡಿದು ಇಳಿಯಲು ಆರಂಭಿಸಿದರು. ತೊರೆಯಿಂದ ನೀರು ಮೊಗೆದು ತಂದು ಚಕ್ರಕ್ಕೆ ಹೊಯ್ಯುವುದು, ಮತ್ತೆ ಹೋಗುವುದು. ಅರವತ್ತೆಂಟು ವರ್ಷದವರು. ನಾನೂ ಶೆಡ್ಡಿಗೆ ಹೋಗುವ ಮುಂಚೆ ಹೋಗಿ ಎರಡೆರಡು ಬಕೆಟ್ಟು ಹೊಯ್ದೆ. ಮೇಲಿನ ರೆಕ್ಕೆಗಳು ಒದ್ದೆಯಾಗುತ್ತಿದ್ದವು, ಕೆಳಗಿನವು ಆಗುತ್ತಿರಲಿಲ್ಲ. ಚಕ್ರವನ್ನು ಕೈಯಲ್ಲಿ ತಿರುಗಿಸಲು ಇಬ್ಬರಿಗೂ ಶಕ್ತಿ ಸಾಲದು. ನೀರು ತಿರುಗಿಸುವುದನ್ನು ಮನುಷ್ಯ ತಿರುಗಿಸಲಾರ. ಜನವರಿ ಮೂರನೇ ವಾರ, ಹುಲ್ಲಿನ ಮೇಲೆ ಹಿಮ ಬಿದ್ದ ಒಂದು ಬೆಳಿಗ್ಗೆ, ಕೆಳಗಿನ ರೆಕ್ಕೆಯೊಂದು ಉದ್ದಕ್ಕೆ ಸೀಳಿತ್ತು. ದೊಡ್ಡಪ್ಪ ಸೀಳಿನೊಳಗೆ ಉಗುರು ಇಟ್ಟು ನೋಡಿದರು. ಆಮೇಲೆ ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಅಲ್ಲೇ ಗಿಡಕ್ಕೆ ಚೆಲ್ಲಿದರು.

ಇಷ್ಟಾದ ಮೇಲೆ ನಾನು ಮತ್ತೆ ಅರ್ಜಿ ಬರೆದೆ. ಈ ಸಲ ದೊಡ್ಡಪ್ಪನನ್ನು ಕೂರಿಸಿಕೊಂಡು, ಕಾಲುವೆ ಮುಚ್ಚುವ ಮುಂಚಿನ ಒಂದು ವರ್ಷದಲ್ಲಿ ಯಾವ ಯಾವ ದಿನ ನೀರು ಬಿಡಲಿಲ್ಲ ಎಂದು ಕೇಳಿದೆ. ಜ್ವರ ಬಂದ ಆರು ದಿನ. ಮೈಸೂರು ಕಡೆ ಒಂದು ಮದುವೆಗೆ ಹೋದ ಮೂರು ದಿನ. ಕಾಟಿಗಳ ಹಿಂಡು ಕಾಲುವೆಯ ಹತ್ತಿರವೇ ಮಲಗಿದ್ದ ಎರಡು ದಿನ. ಸಾವಿನ ಮನೆಗೆ ಹೋದ ಮೂರು ದಿನ. ಒಟ್ಟು ಹದಿನಾಲ್ಕು. ಉಳಿದ ಮುನ್ನೂರ ಐವತ್ತೊಂದು ದಿನ ನೀರು ಹರಿದಿತ್ತು. ಆ ಪಟ್ಟಿ ತೆಗೆದುಕೊಂಡು ಆಫೀಸಿಗೆ ಹೋದೆ.

ಗುಮಾಸ್ತ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಪಕ್ಕದ ಮೇಜಿನವನನ್ನು ಕರೆದು ತೋರಿಸಿದ. “ಹದಿನೇಳು ಮರಿ ಹಾಕಿ ಮುನ್ನೂರ ಐವತ್ತೊಂದಾಗಿದೆ ನೋಡು!” ಇಬ್ಬರೂ ನಕ್ಕರು. ಅಧಿಕಾರಿ ನಗಲಿಲ್ಲ. ಕುರ್ಚಿ ತೋರಿಸಿದರು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಒಣಗಿದರೆ ಮರ ಸೀಳುತ್ತದೆ ಎಂಬುದು ಅವರಿಗೆ ಅರ್ಥವಾಯಿತು ಎಂದೇ ನನಗೆ ಅನ್ನಿಸಿತು.

“ನಿಮ್ಮ ನೋಟ್‌ಬುಕ್ಕನ್ನು ನಾನು ನಂಬುತ್ತೇನೆ” ಎಂದರು. “ಅದನ್ನು ನೀವು ಯಾರಿಗಾಗಿಯೂ ಬರೆದಿರಲಿಲ್ಲ. ಇದನ್ನು ಈಗ ಬರೆದಿದ್ದೀರಿ. ನನ್ನ ಜಾಗದಲ್ಲಿ ನೀವಿದ್ದರೆ ಯಾವುದನ್ನು ಒಪ್ಪುತ್ತಿದ್ದಿರಿ?”

ನಾನು ಯಾವುದನ್ನು ಒಪ್ಪುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಪಟ್ಟಿಯನ್ನು ಮಡಚಿಕೊಂಡು ಎದ್ದೆ. ಮಧ್ಯಾಹ್ನದ ಬಸ್ಸು ನಲವತ್ತು ನಿಮಿಷ ತಡವಾಗಿ ಬಂತು.

ಈ ವರ್ಷ ಫೆಬ್ರವರಿಯಲ್ಲಿ ಗಿರಣಿಯ ಬಾಗಿಲಿಗೆ ಬೀಗ ಬಿತ್ತು, ಸುತ್ತ ತಂತಿ ಬಂತು. ರಿಸರ್ವಿನವರು ವಸಂತದ ನಡಿಗೆ ಎಂದು ಶುರು ಮಾಡಿದ್ದರು. ಶನಿವಾರ ಬೆಳಿಗ್ಗೆ ಹೊರಗಿನವರನ್ನು ಗೇಟಿನಿಂದ ಕರೆದುಕೊಂಡು ಹೊರಟು, ಶೋಲೆಯೊಳಗೆ ಹಾದು, ಹುಲ್ಲುಗುಡ್ಡ ಹತ್ತಿ, ಗಿರಣಿಗೆ ಇಳಿದು, ಮತ್ತೆ ಏರಿ ಗೇಟಿಗೆ ಬರುವ ದಾರಿ. ಆ ಗುಂಪಿನ ಜೊತೆಯಲ್ಲಲ್ಲದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಒಂದು ದಿನ ದೊಡ್ಡಪ್ಪ ಕೇಳಿದರು: “ಆ ಗುಂಪಿಗೆ ನಮ್ಮನ್ನೂ ಸೇರಿಸ್ಕೊಂಡಾರಾ ಮಗಾ? ಚಕ್ರ ಹೆಂಗದೆ ಅಂತ ಒಂದ್ಸಲ ನೋಡ್ಬೇಕು.” ನಾನು ಗೇಟಿಗೆ ಹೋಗಿ ಇಬ್ಬರ ಹೆಸರು ಬರೆಸಿ ಬಂದೆ.

ಮಾರ್ಚ್ ಇಪ್ಪತ್ತೊಂದು, ಶನಿವಾರ. ಮಂಜು ಬಿಟ್ಟದ್ದು ಏಳು ಹತ್ತಕ್ಕೆ. ಕೊಯಮತ್ತೂರಿನ ಒಂದು ದೊಡ್ಡ ಕುಟುಂಬ, ಕಾಲೇಜಿನ ಕೆಲವು ಹುಡುಗಿಯರು, ಮೈಸೂರಿನ ಗಂಡಹೆಂಡತಿ, ನಾವಿಬ್ಬರು. ಗೈಡು ಎಮರಾಲ್ಡ್ ಊರಿನ ಕಡೆಯ ಹುಡುಗ, ನಮ್ಮನ್ನು ಕಂಡವನಲ್ಲ. ತಮಿಳಿನಲ್ಲಿ ಹೇಳಿ, ಮೈಸೂರಿನವರಿಗೆ ಅರೆಬರೆ ಕನ್ನಡದಲ್ಲಿಯೂ ಹೇಳುತ್ತಿದ್ದ. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸ್ವೆಟರು ಹಾಕಿದ್ದರು, ಎಲ್ಲರ ಹಿಂದೆ ನಡೆಯುತ್ತಿದ್ದರು.

ವಸಂತ ಎಂದರೆ ನಮ್ಮಲ್ಲಿ ಚಿಗುರು. ಶೋಲೆಯ ಮರಗಳ ತಲೆ ತಾಮ್ರದ ಬಣ್ಣಕ್ಕೆ ತಿರುಗಿತ್ತು, ದೂರದಿಂದ ನೋಡಿದರೆ ಕಾಡಿಗೆ ತುಕ್ಕು ಹಿಡಿದ ಹಾಗೆ. ಬಿಲ್ಲಿ ಮರದಲ್ಲಿ ಕೆಂಪು ಹೂವು ಮುಗಿಯುತ್ತ ಬಂದಿತ್ತು, ದಾರಿಯ ತುಂಬ ಉದುರಿದ್ದನ್ನು ತುಳಿದುಕೊಂಡೇ ಹೋಗಬೇಕು. ಪಿಕಳಾರ, ನೊಣಹಿಡುಕ, ತೊರೆಯ ಹತ್ತಿರ ಮನುಷ್ಯರ ಹಾಗೆ ಸಿಳ್ಳೆ ಹಾಕುವ ನೀಲಿ ಹಕ್ಕಿ. ಹನ್ನೊಂದು ಬಗೆ ಎಣಿಸಿದೆ. ಬೇಡವೆಂದರೂ ಕಣ್ಣು ಎಣಿಸುತ್ತದೆ.

ಕಾಲುವೆಯ ಬಾಯಿದ್ದ ಜಾಗದಲ್ಲಿ ಗೈಡು ನಿಂತ. ಇಲ್ಲಿ ಮೊದಲು ನೀರನ್ನು ತಿರುಗಿಸಿಕೊಳ್ಳುತ್ತಿದ್ದರು, ಅದನ್ನು ಮುಚ್ಚಿದ ಮೇಲೆ ಕೆಳಗಿನ ತೊರೆಗೆ ಬೇಸಿಗೆಯಲ್ಲಿಯೂ ನೀರು ಬಂದಿದೆ, ಕಪ್ಪೆಗಳು ಬಂದಿವೆ ಎಂದ. ಸುಳ್ಳಲ್ಲ. ಬಂಡೆಯ ಸಂದಿಯಲ್ಲಿ ಉಗುರಿನಷ್ಟಿನ ಕಪ್ಪೆಗಳಿದ್ದವು, ನಾನೇ ಏಳು ಕಂಡೆ. ನಾವು ದಿನಕ್ಕೆ ಒಂದು ಗಂಟೆ ನೀರು ತಿರುಗಿಸಿಕೊಂಡದ್ದಕ್ಕೇ ಅವು ಇಷ್ಟು ದಿನ ಹುಟ್ಟದೆ ಉಳಿದಿದ್ದವೋ, ನನಗೆ ತಿಳಿಯದು. ದೊಡ್ಡಪ್ಪ ಸಿಮೆಂಟಿನ ಮೇಲೆ ಬೆಳೆದ ಪಾಚಿಯನ್ನು ನೋಡುತ್ತಿದ್ದರು.

ಗಿರಣಿಯ ಹತ್ತಿರ ಹೊಸ ಬೋರ್ಡು ನಿಂತಿತ್ತು. ತಮಿಳು, ಇಂಗ್ಲಿಷು. ಮೇಲೆ ಚಕ್ರದ ಚಿತ್ರ. ತಂತಿಯ ಆಚೆ ನಿಜವಾದ ಚಕ್ರ, ನೋಡಲು ಅನುಕೂಲವಾಗಲೆಂದು ಪಕ್ಕದ ಹಲಗೆಗಳನ್ನು ತೆಗೆದಿದ್ದರು. ಮೂರು ರೆಕ್ಕೆ ಬಿದ್ದುಹೋಗಿದ್ದವು. ನಡುವಿನ ದಿಂಡು ಕೈ ತೂರುವಷ್ಟು ಬಾಯಿ ಬಿಟ್ಟಿತ್ತು. ಮಳೆ ಬಂದರೂ ಇನ್ನು ಅದು ಕೂಡಿಕೊಳ್ಳುವುದಿಲ್ಲ. ದೊಡ್ಡಪ್ಪನಿಗೆ ಅದು ನೋಡಿದ ಕ್ಷಣದಲ್ಲೇ ಗೊತ್ತಾಗಿರಬೇಕು. ಅವರು ತಂತಿಯ ಸಂದಿಯಲ್ಲಿ ಕೈ ಹಾಕಿ ಹತ್ತಿರದ ರೆಕ್ಕೆಯನ್ನು ಮುಟ್ಟಿದರು.

“ಪೆರಿಯವರೇ, ತೊಡಾದೀಂಗ” ಎಂದ ಗೈಡು. ಮುಟ್ಟಬೇಡಿ ಎಂದು, ಗೌರವದಿಂದಲೇ. ದೊಡ್ಡಪ್ಪ ಕೈ ತೆಗೆದರು.

ಗೈಡು ಬೋರ್ಡು ಓದಿ, ಮೈಸೂರಿನವರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: “ಕೊನೆ ಕೊನೆಗೆ ಇದು ವರ್ಷಕ್ಕೆ ಹದಿನೇಳು ದಿನ ಮಾತ್ರ ಓಡ್ತಾ ಇತ್ತು. ಈ ಊರಿನವರೇ ಬರೆದಿಟ್ಟ ಲೆಕ್ಕ.”

“ಹದಿನೇಳೇ?” ಎಂದರು ಮೈಸೂರಿನ ಹೆಂಗಸು. “ಮಿಕ್ಕ ದಿನ ಏನ್ಮಾಡ್ತಿದ್ರಪ್ಪ?”

“ಬಾಗಿಲು ಹಾಕ್ಕೊಂಡು ಮಲಗಿರ್ತಿದ್ರು, ಇನ್ನೇನು! ತೊರೆ ಸದ್ದು, ತಣ್ಣನೆ ಗಾಳಿ. ನಮಗೆ ಸಿಗಬೇಕು ಇಂಥ ಕೆಲಸ” ಎಂದರು ಅವರ ಗಂಡ. ಇಬ್ಬರೂ ನಕ್ಕರು. ಆಮೇಲೆ ಆತ ದೊಡ್ಡಪ್ಪನ ಕಡೆ ನೋಡಿ, ಕನ್ನಡದವರೆಂದು ಹೇಗೋ ಗುರುತು ಹಿಡಿದು ಕೇಳಿದರು: “ಏನ್ ಯಜಮಾನ್ರೇ, ಈ ಕಡೆಯವರಾ? ಇದನ್ನ ನಡೆಸ್ತಿದ್ದೋನು ಯಾರು ಗೊತ್ತಾ ನಿಮಗೆ?”

ನನ್ನ ಬಾಯಿಗೆ ಮಾತು ಬಂದಿತ್ತು. ಇವರೇ ಎನ್ನಬಹುದಿತ್ತು. ಮುನ್ನೂರ ಐವತ್ತೊಂದು ದಿನ ಎನ್ನಬಹುದಿತ್ತು. ಬೋರ್ಡಿನ ಅಂಕಿ ನನ್ನದು, ಅದನ್ನು ತಪ್ಪು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಹೇಳಿಬಿಟ್ಟರು.

“ಗೊತ್ತಿಲ್ಲ ಬುದ್ಧಿ. ಯಾವನೋ ಸೋಂಬೇರಿ ಇರ್ಬೇಕು.”

ಎಲ್ಲರೂ ನಕ್ಕರು. ತಮಿಳಿನವರಿಗೆ ಗೈಡು ಅ‌ನುವಾದಿಸಿ ಹೇಳಿದ ಮೇಲೆ ಅವರೂ ನಕ್ಕರು. ದೊಡ್ಡಪ್ಪನ ಮುಖದಲ್ಲಿಯೂ ನಗುವಿನಂತಹದ್ದೊಂದು ಇತ್ತು, ಮೈಸೂರಿನವರಿಗೆ ಅಷ್ಟು ಸಾಕಾಯಿತು. ಒಂದೆರಡು ಫೋಟೋ ಹಿಡಿದುಕೊಂಡು ಗುಂಪು ಏರು ಹತ್ತತೊಡಗಿತು.

ಆ ಏರು ಕಡಿದಾದದ್ದು. ಮೆಟ್ಟಿಲು ಕಡಿದಿದ್ದರೂ ಮಣ್ಣು ಸಡಿಲ. ದೊಡ್ಡಪ್ಪ ನಡುವಿನಲ್ಲಿ ಒಮ್ಮೆ ಉಸಿರಿಗಾಗಿ ನಿಂತರು. ನಾನು ಎರಡು ಮೆಟ್ಟಿಲು ಮೇಲಿದ್ದೆ, ಬಗ್ಗಿ ಕೈ ಚಾಚಿದೆ. ಅವರು ಆ ಕೈಯನ್ನು ನೋಡಿದರು. ತಲೆಯೆತ್ತಿ ನನ್ನ ಆಚೆ, ಮೇಲಿದ್ದ ಗೈಡನ್ನು ಕರೆದರು: “ತಂಬಿ, ಸ್ವಲ್ಪ ಕೈ ಕೊಡಪ್ಪ.”

ಹುಡುಗ ಇಳಿದು ಬಂದ. ದಾರಿ ಬಿಡಲು ನಾನು ಪಕ್ಕದ ಪೊದೆಗೆ ಒತ್ತಿ ನಿಂತೆ. ದೊಡ್ಡಪ್ಪ ಅವನ ಕೈ ಹಿಡಿದುಕೊಂಡು ನನ್ನನ್ನು ದಾಟಿ ಮೇಲೆ ಹೋದರು.